ಹುಳು ಮನೆಯಲ್ಲಿ ಕಟ್ಟಿದ ಬ್ಯಾಂಡು

ನಮ್ಮ ಬ್ಯಾಂಡು ಬದುಕಿದ್ದು ಹದಿನಾಲ್ಕು ತಿಂಗಳು. ಅಷ್ಟರಲ್ಲಿ ಜನರ ಮುಂದೆ ಬಾರಿಸಿದ್ದು ಮೂರೇ ಸಲ. ಮೊದಲನೆಯ ಸಲ ಜನ ಎದ್ದು ಹೋದರು, ಎರಡನೆಯ ಸಲ ಕರೆಂಟು ಹೋಯಿತು. ಮೂರನೆಯದರ ಬಗ್ಗೆ ನಾನು ಹನ್ನೆರಡು ವರ್ಷ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಹೋದ ತಿಂಗಳು ನಮ್ಮ ಗಿಟಾರಿನವರು ತೀರಿಕೊಂಡರು. ಅವರನ್ನು ಮಣ್ಣು ಮಾಡಿ ಬಂದ ಮೇಲೆ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ನನ್ನಿಂದ ಆಗುತ್ತಿಲ್ಲ.

ನಾವಿದ್ದದ್ದು ಮೂರು ಜನ. ಗಿಟಾರಿನವರು ಮಂಡ್ಯದ ಗುತ್ತಲಿನಲ್ಲಿ ಆಂಪ್ಲಿಫೈಯರ್ ರಿಪೇರಿ ಅಂಗಡಿ ಇಟ್ಟಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ಹಾಗಾಗಿ ನಾವು ಅವರನ್ನು ಭಾಯ್ ಅನ್ನುತ್ತಿದ್ದೆವು. ಶಾಮಿಯಾನದವರ ಮೈಕ್ ಸೆಟ್ಟು, ಮಸೀದಿಯ ಆಂಪ್ಲಿಫೈಯರು, ಭಜನೆ ಮನೆಯ ಸ್ಪೀಕರು ಎಲ್ಲವೂ ಅವರ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಒಟ್ಟಿಗೆ ಮಲಗಿರುತ್ತಿದ್ದವು. ಡ್ರಮ್ಸ್ ಬಾರಿಸುತ್ತಿದ್ದವನು ನನ್ನ ಓರಗೆಯವನು. ಮಳವಳ್ಳಿಯಲ್ಲಿ ರೂಮು ಮಾಡಿಕೊಂಡು ಆರ್ಕೆಸ್ಟ್ರಾದವರ ಜೊತೆ ಊರೂರು ತಿರುಗುತ್ತಿದ್ದ. ನಾನು ಬೇಸ್ ಗಿಟಾರು, ಜೊತೆಗೆ ಹಾಡುವವನು. ಹೊಟ್ಟೆಪಾಡಿಗೆ ಮಂಡ್ಯದ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಈಗಲೂ ಅದೇ ಕುರ್ಚಿ, ಅದೇ ಗುಮಾಸ್ತ.

ನಾವು ಬಾರಿಸುತ್ತಿದ್ದದ್ದಕ್ಕೆ ಸೈಕೆಡೆಲಿಕ್ ರಾಕ್ ಎಂದು ಹೆಸರು. ಮಂಡ್ಯದಲ್ಲಿ ಅದನ್ನು ಬಿಡಿಸಿ ಹೇಳುವುದು ಕಷ್ಟದ ಕೆಲಸ. ಒಂದೇ ಸ್ವರವನ್ನು ಬಿಡದೆ ಹತ್ತು ನಿಮಿಷ ಹಿಡಿದು, ಅದರ ಮೇಲೆ ಗಿಟಾರನ್ನು ತೇಲಿಬಿಟ್ಟು, ಕೇಳುವವನಿಗೆ ತಾನು ಎಲ್ಲಿ ಕೂತಿದ್ದೇನೆ ಎಂಬುದೇ ಮರೆತುಹೋಗಬೇಕು, ಹಾಗೆ ಬಾರಿಸಬೇಕು. ನಮ್ಮಮ್ಮ ಒಂದು ಸಲ ಫೋನಿನಲ್ಲಿ ಕೇಳಿ, “ನಮ್ ಮಿಕ್ಸಿ ಕೆಡೋಕ್ ಮುಂಚೆ ಇಂಗೇ ಅಂತಿತ್ತು ಕಣಪ್ಪ” ಅಂದಳು. ಗಾಂಜಾ ಸೇದುವವರ ಸಂಗೀತ ಎಂದು ಗೊತ್ತಿದ್ದವರು ಒಬ್ಬಿಬ್ಬರು ನಮ್ಮನ್ನು ಅನುಮಾನದಿಂದ ನೋಡುತ್ತಿದ್ದರು. ಭಾಯ್ ಟೀ ಬಿಟ್ಟು ಬೇರೇನನ್ನೂ ಮುಟ್ಟಿದವರಲ್ಲ. ನಮ್ಮ ಅಮಲೆಲ್ಲ ಅವರು ಕೈಯಾರೆ ಮಾಡಿದ್ದ ಒಂದು ಯಂತ್ರದಲ್ಲಿತ್ತು.

ಗುಜರಿಗೆ ಹೋಗಬೇಕಿದ್ದ ಎರಡು ಟೇಪ್ ರೆಕಾರ್ಡರುಗಳನ್ನು ಅವರು ಅಕ್ಕಪಕ್ಕ ಇಟ್ಟು, ಒಂದೇ ಟೇಪನ್ನು ಎರಡರೊಳಗೂ ಹಾಯಿಸಿದ್ದರು. ಮೊದಲನೆಯದು ಹಿಡಿದ ಸದ್ದನ್ನು ಎರಡನೆಯದು ಒಂದು ಗಳಿಗೆ ತಡವಾಗಿ ನುಡಿಯುತ್ತಿತ್ತು, ನುಡಿದದ್ದು ಮತ್ತೆ ಮೊದಲನೆಯದಕ್ಕೆ ಹೋಗುತ್ತಿತ್ತು. ಒಂದು ಪೆಟ್ಟು ಹಾಕಿದರೆ ಐದಾರು ಪೆಟ್ಟು ವಾಪಸು ಬರುತ್ತಿದ್ದವು, ಒಂದಕ್ಕಿಂತ ಒಂದು ಸಣ್ಣಗೆ. ಮೊಬೈಲಿನಲ್ಲೇ ಇಂಥದ್ದೆಲ್ಲ ಸಿಗುತ್ತದಲ್ಲ ಭಾಯ್ ಅಂದರೆ, “ಸಿಗ್ತದೆ. ಆದ್ರೆ ಅದು ಬುಸುಗುಟ್ಟಲ್ಲ” ಅನ್ನುತ್ತಿದ್ದರು. ಆ ಟೇಪಿನ ಬುಸುಗುಡುವ ಸದ್ದು ಅವರಿಗೆ ಪ್ರಾಣ.

ಬಾರಿಸಲು ಜಾಗವೇ ಇರಲಿಲ್ಲ. ಅಂಗಡಿಯಲ್ಲಿ ಬಾರಿಸಿದರೆ ಅಕ್ಕಪಕ್ಕದವರು ಬೈಯುತ್ತಿದ್ದರು, ನಮ್ಮ ಮನೆಯಲ್ಲಿ ಅಪ್ಪ. ಕೊನೆಗೆ ಚಿಕ್ಕರಸಿನಕೆರೆಯಲ್ಲಿ ನನ್ನ ದೊಡ್ಡಮ್ಮನ ರೇಷ್ಮೆ ಹುಳು ಮನೆ ಸಿಕ್ಕಿತು. ಒಂದು ಬೆಳೆ ಮುಗಿದು ಗೂಡು ಮಾರ್ಕೆಟ್ಟಿಗೆ ಹೋದ ಮೇಲೆ ಹುಳು ಮನೆಯನ್ನು ತೊಳೆದು, ಔಷಧಿ ಹೊಡೆದು, ಖಾಲಿ ಬಿಡುತ್ತಾರೆ. ಮುಂದಿನ ಮರಿಹುಳು ತರುವವರೆಗಿನ ಹತ್ತೋ ಹದಿನೈದೋ ದಿನ ಅದು ನಮ್ಮದು. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರೆ ಸದ್ದು ಗೋಡೆಗೆ ಹೊಡೆದು ಗಲಭೆ ಎಬ್ಬಿಸುತ್ತಿರಲಿಲ್ಲ. ಇದನ್ನು ಕಂಡುಹಿಡಿದದ್ದೂ ಭಾಯ್. ಬ್ಲೀಚಿಂಗ್ ಪೌಡರಿನ ಘಾಟಿಗೆ ಮೂವರ ಕಣ್ಣಲ್ಲೂ ನೀರು ಸುರಿಯುತ್ತಿತ್ತು. ಮೂಗು ಒರೆಸಿಕೊಳ್ಳುತ್ತಲೇ ಬಾರಿಸುತ್ತಿದ್ದೆವು. ಹುಳು ಬಂದ ದಿನ ಗಂಟುಮೂಟೆ ಕಟ್ಟಿಕೊಂಡು ಮಂಡ್ಯ ಬಸ್ಸು ಹತ್ತುತ್ತಿದ್ದೆವು, ಮತ್ತೆ ಒಂದು ತಿಂಗಳು ಕಾಯಬೇಕಿತ್ತು. ನಮ್ಮ ಬ್ಯಾಂಡಿನ ಹದಿನಾಲ್ಕು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಳುಗಳ ಪಾಲಾಯಿತು.

ಮೊದಲನೆಯ ದಿನವೇ ದೊಡ್ಡಮ್ಮ ನನ್ನನ್ನು ಮೂಲೆಗೆ ಕರೆದು ಕೇಳಿದ್ದಳು. “ಆ ಸಾಬ್ರು ಸರಿ. ಡೋಲ್ ಒಡ್ಯೋ ಉಡುಗ ಯಾರ್ ಪೈಕಿ?”

“ಮೈಸೂರ್ ಕಡೆಯೋನು ದೊಡ್ಡಮ್ಮ. ನಂಗ್ ಸರಿಯಾಗ್ ಗೊತ್ತಿಲ್ಲ” ಅಂದೆ.

ಗೊತ್ತಿತ್ತು. ಅವನ ಊರು ಮಳವಳ್ಳಿ ತಾಲ್ಲೂಕು, ಬೆಳಕವಾಡಿ ಬಸ್ಸಿನಲ್ಲಿ ಹೋಗಿ ಇಳಿದು ಒಳಕ್ಕೆ ನಡೆಯಬೇಕಾದ ಹಳ್ಳಿ. ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ತಮಟೆ ಬಡಿಯಬೇಕಾದ ಮನೆತನ ಅವನದು. ಅಜ್ಜ ಬಡಿದಿದ್ದ, ಅಪ್ಪ ಬಡಿದಿದ್ದ. ಅಪ್ಪ ಸತ್ತಾಗ ಇವನಿಗೆ ಹತ್ತೊಂಬತ್ತು. ಮೂರನೆಯ ವಾರಕ್ಕೇ ಊರಲ್ಲಿ ಇನ್ನೊಂದು ಸಾವು. ಕರೆಯಲು ಬಂದವರಿಗೆ ಇವನು ಒಂದು ಸುಳ್ಳು ಹೇಳಿದ: ನನಗೆ ಬರುವುದಿಲ್ಲ, ನಮ್ಮಪ್ಪ ಕಲಿಸಲೇ ಇಲ್ಲ. ನಂಬಿದರೋ ಬಿಟ್ಟರೋ, ಬೈದುಕೊಂಡು ಪಕ್ಕದ ಊರಿನಿಂದ ಯಾರನ್ನೋ ಕರೆಸಿದರು. ಇವನು ಮಳವಳ್ಳಿಗೆ ಬಂದು ಡ್ರಮ್ಸ್ ಕಲಿತ. ಅವನ ಅವ್ವ ಮಾತ್ರ ಊರಲ್ಲೇ ಉಳಿದಳು. ಅವಳು ಅಲ್ಲಿ ನೆಮ್ಮದಿಯಾಗಿ ಇರಬೇಕಾದರೆ ಇವನ ಆ ಒಂದು ಸುಳ್ಳು ನಿಲ್ಲಬೇಕಿತ್ತು.

ಆ ಸುಳ್ಳಿನ ವಿಷಯ ನಮಗೆ ಅವನು ಹೇಳಿದ್ದು ಆಮೇಲೆ, ಹುಳು ಮನೆಯಲ್ಲೇ, ಒಂದು ಮಧ್ಯಾಹ್ನ. ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದು ಮುಗಿಸಿ, ಭಾಯ್ ನಮಾಜಿಗೆಂದು ಹೊರಗೆ ಹೋಗಿದ್ದರು. ಅವನು ಸುಮ್ಮನೆ ಕೂತು ಕೆಳಗಿನ ದೊಡ್ಡ ಡ್ರಮ್ಮಿನ ಮೇಲೆ ಒಂದು ಗತ್ತು ಬಡಿಯತೊಡಗಿದ. ಮೊದಲು ಬೆರಳಲ್ಲಿ, ಆಮೇಲೆ ಕೋಲಿನಲ್ಲಿ. ನಡೆಯುವವರ ಹೆಜ್ಜೆಯ ಹಾಗೆ ಒಂದೇ ಸಮನೆ ಬಂದು, ನಡುವೆ ಒಂದು ಕಡೆ ತಡೆದು, ಮತ್ತೆ ಮುಂದಕ್ಕೆ ಹೋಗುವ ಪೆಟ್ಟು. ಟೇಪಿನ ಯಂತ್ರ ಹಾಗೇ ಓಡುತ್ತಿತ್ತು. ಅದು ತಡೆದ ಜಾಗದೊಳಗೆ ಹಿಂದಿನ ಪೆಟ್ಟುಗಳನ್ನು ತಂದು ತುಂಬಿತು. ನನ್ನ ತೋಳಿನ ಕೂದಲು ನಿಂತುಕೊಂಡವು. ಭಾಯ್ ಬಾಗಿಲಲ್ಲಿ ಬಂದು ನಿಂತಿದ್ದರು. ನೇರ ಒಳಗೆ ಬಂದು ಗಿಟಾರ್ ಎತ್ತಿಕೊಂಡರು.

ಮುಗಿದ ಮೇಲೆ, “ಏನ್ಲಾ ಇದು?” ಅಂದೆ.

“ನಮ್ಮಪ್ಪ ಮೂರ್ ತರ ಕಲ್ಸಿದ್ದ ಕಣ್ಲಾ. ದೇವ್ರಿಗೊಂದು, ಮದ್ವೆಗೊಂದು, ಸಾವ್ಗೊಂದು. ಇದು ಸಾವುಂದು. ಎಣ ಎತ್ಕಂಡೋಗೋವಾಗ ಬಾರ್ಸದು.”

“ಇದೇ ನಮ್ಮ ಹಾಡು” ಅಂದರು ಭಾಯ್.

ಅವನು ಬಹಳ ಹೊತ್ತು ಕೋಲುಗಳನ್ನು ಕೈಯಲ್ಲಿ ತಿರುಗಿಸುತ್ತಾ ಕೂತಿದ್ದ. ಆಮೇಲೆ ಆ ಸುಳ್ಳಿನ ಕತೆ ಹೇಳಿದ. “ಇಲ್ ಬೇಕಾದ್ರೆ ಬಾರ್ಸ್ತೀನಿ. ನಂಗೂ ಇಷ್ಟನೇಯ. ಆಚೆ ಮಾತ್ರ ಬ್ಯಾಡ. ಯಾರಾದ್ರೂ ಕೇಳುಸ್ಕಂಡ್ರೆ ನಮ್ಮವ್ವನ್ ಬುಡಾಕಿಲ್ಲ ಅವ್ರು” ಅಂದ. ನಾನೂ ಭಾಯ್ ಇಬ್ಬರೂ ಆಗಲಿ ಅಂದೆವು. ನಾನು ಅವನ ಕೈ ಹಿಡಿದು ಆಗಲಿ ಅಂದಿದ್ದೆ.

ಆ ಗತ್ತಿನ ಮೇಲೆ ನಾನು ಮಾತು ಕಟ್ಟಿದೆ. ಹಾಡು ಬೆಳೆದು ಹದಿನಾಲ್ಕು ನಿಮಿಷವಾಯಿತು. ನಮ್ಮ ಬೇರೆ ಐದು ಹಾಡುಗಳು ಯಾರದೋ ನಕಲು, ಈಗ ಹೇಳಿದರೆ ತಪ್ಪೇನು. ಇದೊಂದು ಮಾತ್ರ ನಮ್ಮದು. ನಾನು ಜೀವನದಲ್ಲಿ ಸೇರಿ ಮಾಡಿದ ಒಂದೇ ಒಂದು ಚೆಂದದ ಕೆಲಸ ಅದು. ಹುಳು ಮನೆಯ ಬಾಗಿಲು ಹಾಕಿಕೊಂಡು ನಾವು ಮೂವರೇ ಕೇಳಬೇಕಿತ್ತು. ಇದು ನನ್ನನ್ನು ಒಳಗೇ ತಿನ್ನುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಹೊರಗೆ ಬಾರಿಸಿದ ಕತೆ ಹೀಗಾಯಿತು. ಮೊದಲು ನಮ್ಮ ಕಾಲೇಜಿನ ವಾರ್ಷಿಕೋತ್ಸವ. ನಾವು ಶುರು ಮಾಡಿ ಆರು ನಿಮಿಷವಾಗಿತ್ತು. ಹಿಂದಿನ ಸಾಲಿನಿಂದ ಒಬ್ಬ, “ಮೈಕ್ ಚೆಕ್ಕಿಂಗ್ ಆಯ್ತಲ್ಲ ಸಾರ್, ಇನ್ ಆಡಿ” ಎಂದು ಕೂಗಿದ. ಸಭೆಗೆ ಸಭೆಯೇ ನಕ್ಕಿತು. ಹತ್ತನೆಯ ನಿಮಿಷಕ್ಕೆ ಅರ್ಧ ಕುರ್ಚಿ ಖಾಲಿ. ಮಾರನೆಯ ದಿನದಿಂದ ಆಫೀಸಿನಲ್ಲಿ ಜವಾನ ಕೂಡ ನನಗೆ ಮೈಕ್ ಚೆಕ್ಕಿಂಗ್ ಎಂದೇ ಹೆಸರಿಟ್ಟ. ಎರಡನೆಯದು ಮದ್ದೂರಿನ ಒಂದು ಆಟೋ ಸ್ಟ್ಯಾಂಡಿನವರ ರಾಜ್ಯೋತ್ಸವ. ಎರಡನೆಯ ಹಾಡಿನ ನಡುವೆ ಕರೆಂಟು ಹೋಯಿತು. ಜನರೇಟರಿನಲ್ಲಿ ಟ್ಯೂಬ್ ಲೈಟು ಉರಿದವು, ನಮ್ಮ ಆಂಪ್ಲಿಫೈಯರು ಏಳಲಿಲ್ಲ. ಸಾಮಾನು ಕಟ್ಟುವಾಗ ಒಬ್ಬ ಆಟೋದವನು ಭಾಯ್ ಹತ್ತಿರ ಬಂದು, “ಏನೋ ಒಂಥರಾ ಆಯ್ತು ಕಣಣ್ಣ, ಇನ್ನೊಸಿ ಬಾರಿಸ್ಬೇಕಿತ್ತು” ಅಂದ. ಆ ಒಂದು ಮಾತನ್ನು ನಾವು ಮೂರು ತಿಂಗಳು ನಂಚಿಕೊಂಡು ಊಟ ಮಾಡಿದೆವು.

ಮೂರನೆಯದು ನನ್ನ ಸೋದರಮಾವನ ಮಗಳ ಆರತಕ್ಷತೆ. ಮಾವನಿಗೆ ಮಳವಳ್ಳಿಯಲ್ಲಿ ಗೊಬ್ಬರದ ಅಂಗಡಿ, ಊರಲ್ಲಿ ಒಳ್ಳೆಯ ಹೆಸರು. ಅಮ್ಮನಿಗೆ ತಮ್ಮನೆಂದರೆ ದೇವರು. ನಾನು ಚಿಕ್ಕವನಿದ್ದಾಗ ಬೇಸಿಗೆ ರಜೆಯೆಲ್ಲ ಅವರ ಮನೆಯಲ್ಲೇ ಕಳೆದವನು. ಮಗಳು ಹಟ ಹಿಡಿದಳು, ನಮ್ಮ ಭಾವನ ಬ್ಯಾಂಡು ಬಾರಿಸಲೇಬೇಕು ಎಂದು. ಮಾವ ನಕ್ಕು, “ಸರಿ, ಆರ್ಕೆಸ್ಟ್ರಾದೋರ್ ಬರೋಗಂಟ ಒಂದರ್ಧ ಗಂಟೆ ಅದೇನ್ ಬಾರಿಸ್ತೀರೋ ಬಾರಿಸ್ಕಳಿ” ಅಂದರು.

ಸಂಜೆ ಏಳು ಗಂಟೆ, ಛತ್ರ ತುಂಬಿತ್ತು. ಮೇಲಿನ ಮಂಟಪದಲ್ಲಿ ಗಂಡು ಹೆಣ್ಣು, ಅವರ ಮುಂದೆ ಕವರು ಹಿಡಿದವರ ಸಾಲು. ಬದಿಯ ಚಿಕ್ಕ ವೇದಿಕೆಯಲ್ಲಿ ನಾವು. ಮೊದಲ ಹಾಡು ಬಾರಿಸಿದೆವು. ಒಬ್ಬರೂ ತಿರುಗಿ ನೋಡಲಿಲ್ಲ. ನಮ್ಮ ಎದುರಿಗೇ ನನ್ನ ಚಿಕ್ಕಪ್ಪ ಇನ್ನೊಬ್ಬರ ಜೊತೆ ಸೈಟಿನ ವಿಷಯ ಮಾತಾಡುತ್ತಾ, ನಮ್ಮ ಸದ್ದಿಗೆ ಸಿಡುಕಿ ದನಿ ಏರಿಸಿದರು. ಎರಡನೆಯ ಹಾಡಿಗೆ ಮಕ್ಕಳು ಎರಡು ಬಂದು ಸ್ಪೀಕರಿನೊಳಗೆ ಪಾಪ್‌ಕಾರ್ನ್ ಎಸೆದವು. ಆ ಆಟೋದವನ ಮಾತು ಆವತ್ತಿಗೆ ಪೂರ್ತಿ ಖರ್ಚಾಗಿಹೋಗಿತ್ತು. ನನ್ನ ನೆಂಟರೆಲ್ಲ ಇರುವ ಜಾಗದಲ್ಲಿ ಒಬ್ಬನಾದರೂ ಕಿವಿಗೊಡಬೇಕು ಎಂಬ ಹಟ ನನಗೆ ಹತ್ತಿತು. ಕೇಳುವವರು ನಿಂತು ಕೇಳುವಂಥದ್ದು ನಮ್ಮ ಹತ್ತಿರ ಒಂದೇ ಇತ್ತು.

ನಾನು ಹಿಂದೆ ತಿರುಗಿ ಅವನನ್ನು ನೋಡಿದೆ. ಬಾರಿಸು ಎಂದು ಸನ್ನೆ ಮಾಡಿದೆ. ಅವನು ತಲೆ ಅಲ್ಲಾಡಿಸಿದ. “ಬಾರ್ಸ್ಲಾ” ಅಂದೆ. ಮತ್ತೆ ತಲೆ ಅಲ್ಲಾಡಿಸಿದ, ಈ ಸಲ ಕಣ್ಣು ದೊಡ್ಡದು ಮಾಡಿ. ಆಗ ನಾನು ಮಾಡಿದ್ದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಉರಿಯುತ್ತದೆ. ಮೈಕಿನ ಕಡೆ ತಿರುಗಿ ಆ ಹಾಡನ್ನು ಹಾಡಲು ಶುರು ಮಾಡಿಬಿಟ್ಟೆ. ಗತ್ತಿಲ್ಲದೆ ಆ ಹಾಡು ನಿಲ್ಲುವುದಿಲ್ಲ, ಅದು ಅವನಿಗೂ ಗೊತ್ತು. ಒಂದು ಸಾಲು ಒಂಟಿಯಾಗಿ ಹಾಡಿದೆ, ಎರಡು ಸಾಲು ಹಾಡಿದೆ. ನನ್ನ ದನಿ ಆ ಗದ್ದಲದಲ್ಲಿ ಬೆತ್ತಲೆ ನಿಂತ ಹಾಗಿತ್ತು. ನೆಂಟರ ಎದುರು ನನ್ನನ್ನು ಹಾಗೆ ನಿಲ್ಲಿಸಿ ನೋಡಲು ಅವನಿಗೆ ಮನಸ್ಸು ಬರಲಿಲ್ಲ. ಬಾರಿಸಿದ.

ಭಾಯ್ ಒಂದು ಗಳಿಗೆ ನಮ್ಮಿಬ್ಬರ ಮುಖ ನೋಡಿ, ಆಮೇಲೆ ಯಂತ್ರದ ಗುಂಡಿ ತಿರುಗಿಸಿದರು.

ಒಂದು ನಿಮಿಷದೊಳಗೆ ಛತ್ರದ ಸದ್ದು ಅಡಗಿತು. ಚಿಕ್ಕಪ್ಪ ಮಾತು ನಿಲ್ಲಿಸಿದರು. ಮೊದಲು ತಿರುಗಿದ್ದು ವಯಸ್ಸಾದವರು. ಬಾಗಿಲ ಹತ್ತಿರ ನಿಂತಿದ್ದ ನಾಲ್ಕೈದು ಗಂಡಸರು, ಯಾರೂ ಹೇಳದೆ, ಎರಡು ಬದಿಗೆ ಸರಿದು ನಡುವೆ ದಾರಿ ಬಿಟ್ಟರು. ಒಬ್ಬರು ತಲೆಯ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. ನನಗೆ ಆಗಲೂ ಅರ್ಥವಾಗಲಿಲ್ಲ. ಕೇಳುತ್ತಿದ್ದಾರೆ, ಕೊನೆಗೂ ಕೇಳುತ್ತಿದ್ದಾರೆ ಎಂದು ಎದೆ ಉಬ್ಬಿತು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಮಾವನ ಅತ್ತೆ ಗೋಳೋ ಎಂದು ಅಳತೊಡಗಿದಳು. ಎರಡು ವರ್ಷದ ಹಿಂದೆ ಮಗನನ್ನು ಕಳೆದುಕೊಂಡಿದ್ದ ಮುದುಕಿ. “ನಿನ್ನಕ್ಕುನ್ ಮಗ್ಳು ಮದ್ವೆ ಕಣಪ್ಪೋ, ಎದ್ ಬಾರಪ್ಪೋ” ಎಂದು ಎದೆ ಬಡಿದುಕೊಂಡಳು. ಬೆಳಗಾದರೆ ಮುಹೂರ್ತವಿದ್ದ ಮನೆಯಲ್ಲಿ ಸಾವಿನ ತಮಟೆ ಬಾರಿಸಿ ಸಾವಿನ ಅಳುವನ್ನೇ ಎಬ್ಬಿಸಿದ್ದೆವು.

ಮಾವ ವೇದಿಕೆ ಹತ್ತಿ ಬಂದರು. ನಾನು ಮುಂದೆ ನಿಂತಿದ್ದೆ. ಅವರ ಭುಜ ನನ್ನ ಭುಜಕ್ಕೆ ತಾಗಿತು. ನನ್ನನ್ನು ದಾಟಿಕೊಂಡು ಹಿಂದಕ್ಕೆ ಹೋಗಿ ಅವನ ಕೆನ್ನೆಗೆ ಬಾರಿಸಿದರು.

“ಸಾವಿನ್ ಮನೆ ಅನ್ಕಂಡೇನ್ಲಾ ಇದ? ಎಲ್ಗ್ ಬಂದ್ರೂ ನಿಮ್ ಬುದ್ಧಿ ಬುಡಲ್ವಲ್ಲ ನೀವು!”

ಡ್ರಮ್ಮಿನ ಮೈಕು ಆ ಏಟನ್ನು ಹಿಡಿಯಿತು. ಯಂತ್ರ ಅದನ್ನು ವಾಪಸು ಕೊಟ್ಟಿತು. ದೊಡ್ಡ ಸ್ಪೀಕರುಗಳಲ್ಲಿ ಆ ಏಟು ಐದಾರು ಸಲ ಕೇಳಿಸಿತು, ಒಂದಕ್ಕಿಂತ ಒಂದು ಸಣ್ಣಗೆ. ಭಾಯ್ ಗುಂಡಿಗೆ ಕೈ ಹಾಕುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವನು ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಮಾವನ ಕಡೆ ನೋಡಲೂ ಇಲ್ಲ. ನನ್ನನ್ನು ನೋಡಿದ. ನಾನು ಬೇಸ್ ಗಿಟಾರಿನ ತಂತಿಗಳನ್ನು ಅಂಗೈಯಲ್ಲಿ ಒತ್ತಿ ಹಿಡಿದು ನಿಂತಿದ್ದೆ, ಸದ್ದಾಗದಿರಲಿ ಎಂದು. ಬಾರಿಸು ಅಂದವನು ನಾನು. ಮೂರೇ ಪದದ ಮಾತು. ಅಮ್ಮ ನೋಡುತ್ತಿದ್ದಳು, ಅಪ್ಪ ನೋಡುತ್ತಿದ್ದರು, ಗಂಡಿನ ಕಡೆಯವರು ನೋಡುತ್ತಿದ್ದರು. ಅದನ್ನು ನಾನು ಹೇಳಲಿಲ್ಲ.

ಬಾಯಿ ಬಿಟ್ಟವರು ಭಾಯ್. “ಸಾರ್, ತಪ್ಪು ನಂದು. ನಾನೇ ಬಾರ್ಸು ಅಂದಿದ್ದು” ಎಂದು ಕೈ ಮುಗಿದರು. ಮಾವ ಅವರನ್ನು ನೊಣ ಓಡಿಸುವ ಹಾಗೆ ಕೈಯಲ್ಲೇ ಓಡಿಸಿದರು.

ಮದುವೆ ಸುಸೂತ್ರವಾಗಿ ನಡೆಯಿತು. ಬೆಳಿಗ್ಗೆ ಪುರೋಹಿತರು ಏನೋ ಶಾಂತಿ ಮಾಡಿ ಮುಹೂರ್ತಕ್ಕೆ ಕೂರಿಸಿದರು. ಮಾವನ ಮಗಳು ಚೆನ್ನಾಗಿದ್ದಾಳೆ, ಇಬ್ಬರು ಮಕ್ಕಳು. ಹಾಳಾದದ್ದು ಬೇರೆ ಕಡೆ. ಛತ್ರದಲ್ಲಿ ಯಾರೋ ಫೋನಿನಲ್ಲಿ ಹಿಡಿದಿದ್ದ ವಿಡಿಯೋ ಕೈಯಿಂದ ಕೈಗೆ ಹೋಗಿ ಒಂದು ವಾರದಲ್ಲಿ ಅವನ ಊರು ಮುಟ್ಟಿತು. ನಿಮ್ಮಪ್ಪ ಕಲಿಸಲಿಲ್ಲ ಅಂದಿದ್ದೆಯಲ್ಲ, ನಮ್ಮ ಊರಿನ ಹೆಣಕ್ಕೆ ಬರದ ಕೈ ಮಳವಳ್ಳಿಯ ಮದುವೆಗೆ ಬರುತ್ತದೋ ಎಂದು ಕೇಳಿದರಂತೆ. ಹೊಡೆಯಲಿಲ್ಲ, ಬಡಿಯಲಿಲ್ಲ. ಅವ್ವನಿಗೆ ಅಂಗಡಿಯಲ್ಲಿ ಸಾಮಾನು ಕೊಡುವುದು ನಿಲ್ಲಿಸಿದರು, ಕೂಲಿಗೆ ಕರೆಯುವುದು ನಿಲ್ಲಿಸಿದರು. ಎರಡು ತಿಂಗಳು ತಡೆದುಕೊಂಡು ಅವನು ಊರಿಗೆ ವಾಪಸು ಹೋದ. ಅಪ್ಪನ ತಮಟೆ ಅಟ್ಟದಿಂದ ಇಳಿಯಿತು. ಅವ್ವ ಇರುವವರೆಗೆ, ಐದು ವರ್ಷ, ಆ ಊರಿನ ಪ್ರತಿ ಸಾವಿಗೂ ಅವನು ಬಡಿದ. ಅವ್ವ ಸತ್ತಾಗ ತಮಟೆ ಇಲ್ಲದೆ ಮಣ್ಣು ಮಾಡಿ, ಮಾರನೆಯ ವಾರ ಮದ್ದೂರಿಗೆ ಬಂದು ಗೂಡ್ಸ್ ಆಟೋ ಓಡಿಸತೊಡಗಿದ.

ಇದೆಲ್ಲ ನನಗೆ ಹೇಳಿದವರು ಭಾಯ್. ಅವರು ಅವನನ್ನು ಬಿಟ್ಟಿರಲಿಲ್ಲ. ನಾನು ಅಂಗಡಿಗೆ ಹೋದಾಗಲೆಲ್ಲ ಸೋಲ್ಡರಿಂಗ್ ಮಾಡುತ್ತಲೇ, ತಲೆ ಎತ್ತದೆ, “ಹೋಗ್ ಬಂದ್ಯಾ ಮದ್ದೂರ್‌ಗೆ?” ಎಂದು ಕೇಳುತ್ತಿದ್ದರು. ಇಲ್ಲ ಭಾಯ್, ಪರೀಕ್ಷೆ ಕೆಲಸ ಅನ್ನುತ್ತಿದ್ದೆ. ವರ್ಷವೆಲ್ಲ ಪರೀಕ್ಷೆ ನಡೆಸುವ ಕಾಲೇಜು ನಮ್ಮದೊಂದೇ ಇರಬೇಕು. ಒಂದು ದಿನವೂ ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹೋಗುತ್ತಿದ್ದೆನೋ ಏನೋ.

ಹೋದ ತಿಂಗಳು ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದರಂತೆ. ಆಸ್ಪತ್ರೆ ಮುಟ್ಟುವ ಮುಂಚೆಯೇ ಹೋಗಿಬಿಟ್ಟರು. ಮಧ್ಯಾಹ್ನದ ನಮಾಜಾದ ಮೇಲೆ ಖಬರಸ್ತಾನಕ್ಕೆ ತಂದರು. ನಾನು ಒಂದು ಪಕ್ಕಕ್ಕೆ ನಿಂತಿದ್ದೆ. ಸದ್ದಿಲ್ಲ. ಹಾರೆ ಗುದ್ದಲಿಯ ಸದ್ದು, ಪ್ರಾರ್ಥನೆಯ ನಾಲ್ಕು ಮಾತು, ಅಷ್ಟೇ. ಬದುಕೆಲ್ಲ ಸದ್ದು ರಿಪೇರಿ ಮಾಡಿದವರನ್ನು ಅಷ್ಟು ಮೌನವಾಗಿ ಕಳಿಸುವುದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ, ಅತ್ತುಬಿಟ್ಟೆ. ಮೂರು ಹಿಡಿ ಮಣ್ಣು ಹಾಕಿ ತಿರುಗಿದರೆ ಅವನು, ನಮ್ಮ ಡ್ರಮ್ಸಿನವನು. ಖಾಕಿ ಅಂಗಿ, ಕೂದಲು ಅರ್ಧ ಬೆಳ್ಳಗಾಗಿತ್ತು.

“ಬನ್ನಿ ಸಾ. ಚೆನ್ನಾಗಿದ್ದೀರಾ?” ಅಂದ.

ಲೇ ಅನ್ನುತ್ತಿದ್ದ ಬಾಯಲ್ಲಿ ಆ ಸಾ ಕೇಳಿ ನನಗೆ ಅವನ ಮುಖ ನೋಡಲಾಗಲಿಲ್ಲ. ರ‍ಸ್ತೆಯ ಆಚೆ ಟೀ ಅಂಗಡಿಯಲ್ಲಿ ಕೂತೆವು. ಭಾಯ್ ಬಗ್ಗೆ ಸ್ವಲ್ಪ ಮಾತಾಡಿದೆವು. ಅವರ ಮಗ ಯಂತ್ರವನ್ನು ಗುಜರಿಗೆ ಹಾಕುವುದಿಲ್ಲ ಅಂದನಂತೆ. ಆಮೇಲೆ ನಾನು ಹೇಳಿದೆ. “ಅವತ್ತು ನಾನ್ ಹೇಳ್ಬೇಕಿತ್ತು ಕಣೋ. ಬಾರ್ಸು ಅಂದಿದ್ ನಾನು ಅಂತ. ಹೇಳ್ಲಿಲ್ಲ. ತಪ್ಪಾಯ್ತು.”

ಅವನು ಟೀ ಲೋಟ ಕೆಳಗಿಟ್ಟ.

“ನಂಗ್ಯಾಕ್ಲಾ ಯೋಳ್ತೀಯ? ನಂಗೊತ್ತಿಲ್ವಾ ಅದು? ಏಟ್ ಬಿದ್ದಾಗ ನಿನ್ ಮೊಕನೇ ನೋಡ್ತಿದ್ದೆ. ಈಗ ಯೋಳ್ತಾನೆ, ಈಗ ಯೋಳ್ತಾನೆ ಅಂತ. ಭಾಯ್ ಯೋಳುದ್ರು, ಸುಳ್ಳೇ ಆದ್ರೂ ಯೋಳುದ್ರು.” ಲೋಟವನ್ನು ಪಕ್ಕಕ್ಕೆ ಸರಿಸಿ ಮುಂದುವರಿಸಿದ. “ಇಷ್ಟ್ ವರ್ಸದಲ್ಲಿ ಎಷ್ಟೋ ಎಣ ಕಳ್ಸಿವ್ನಿ. ಅದ್ ಓಗ್ಲಿ. ಆದ್ರೆ ಆ ಛತ್ರದಲ್ಲಿದ್ದ ಒಬ್ಬುಂಗೂ ಗೊತ್ತಿಲ್ಲ, ನಾನ್ ಬ್ಯಾಡ ಅಂದಿದ್ದೆ ಅಂತ. ನಾನೇ ಬೇಕಂತ ಬಾರುಸ್ದೆ, ನಮ್ ಜನದ್ ಬುದ್ಧಿನೇ ಅಷ್ಟು ಅನ್ಕಂಡವ್ರೆ. ಯೋಳಂಗಿದ್ರೆ ನಿಮ್ಮಾವಂಗ್ ಯೋಳು ಓಗು. ಒಬ್ನಾದ್ರೂ ತಿಳ್ಕಳ್ಳಿ. ಯೋಳ್ಬುಟ್ಟು ನಂಗೊಂದ್ ಫೋನ್ ಮಾಡು.”

ಮಾರನೆಯ ಭಾನುವಾರ ಮಳವಳ್ಳಿಗೆ ಹೋದೆ. ಮಾವನಿಗೆ ಈಗ ಎಪ್ಪತ್ತು ದಾಟಿದೆ. ಸಕ್ಕರೆ ಕಾಯಿಲೆ, ಕಾಲಿಗೆ ಬ್ಯಾಂಡೇಜು. ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕಾಲು ಸ್ಟೂಲಿನ ಮೇಲಿಟ್ಟು ಕೂತಿದ್ದರು. ನನ್ನನ್ನು ಕಂಡು ಖುಷಿಯಾದರು. ಅಮ್ಮನ ಆರೋಗ್ಯ ಕೇಳಿದರು, ಬಡ್ತಿ ಆಯಿತೇ ಎಂದು ಕೇಳಿದರು. ಬಸ್ಸಿನಲ್ಲಿ ಉರುಹಚ್ಚಿಕೊಂಡು ಬಂದಿದ್ದ ಮಾತು ಮರೆತುಹೋಗುತ್ತದೆ ಎಂದು ಹೆದರಿ ನಡುವೆ ಬಾಯಿ ಹಾಕಿಬಿಟ್ಟೆ.

“ಮಾವ, ಆರತಕ್ಷತೆ ದಿನ ಆ ಹುಡುಗುಂಗೆ ಬಾರ್ಸು ಅಂದಿದ್ದು ನಾನು. ಅವ್ನು ಬೇಡ ಅಂದಿದ್ದ.”

“ಗೊತ್ತು ಕಣೋ” ಅಂದರು.

ಸ್ಟೂಲಿನ ಮೇಲಿನ ಕಾಲನ್ನು ಸ್ವಲ್ಪ ಸರಿಸಿಕೊಂಡರು.

“ಕೆಳಗೇ ನಿಂತಿದ್ನಲ್ಲ ನಾನು. ನೀನ್ ತಿರುಗ್ ತಿರುಗಿ ಬಾರ್ಸು ಬಾರ್ಸು ಅಂತಿದ್ದೆ. ಅವ್ನು ಆಗಲ್ಲ ಅಂತ ತಲೆ ಆಡುಸ್ತಿದ್ದ. ಎಲ್ಲಾ ನೋಡ್ದೆ.”

“ಮತ್ಯಾಕ್ ಮಾವ ಅವ್ನಿಗ್ ಹೊಡುದ್ರಿ?”

ಮಾವ ನನ್ನನ್ನು ನೋಡಿದರು. ಇಷ್ಟು ಓದಿದವನಿಗೆ ಇದೂ ತಿಳಿಯದೇ ಎಂಬ ಹಾಗೆ, ಕೋಪವಿಲ್ಲದೆ, ಅಕ್ಕರೆಯಿಂದಲೇ ನೋಡಿದರು.

“ಇನ್ಯಾರ್ಗ್ ಒಡೀಲಿ? ಅತ್ತೆ ಅಳ್ತಾವ್ಳೆ, ಗಂಡಿನ್ ಕಡೆಯೋರೆಲ್ಲ ನೋಡ್ತಾವ್ರೆ, ಯಾರ್ಗಾದ್ರೂ ಒಡೀಲೇಬೇಕಿತ್ತು. ಅಷ್ಟ್ ಜನುದ್ ಮುಂದೆ ಅಕ್ಕುನ್ ಮಗುಂಗ್ ಒಡಿಯಕ್ಕಾದದಾ?” ಅಂದು, ಒಳಕ್ಕೆ ತಿರುಗಿ, “ಕಾಫಿ ತಕಬಾಮ್ಮಿ, ನಮ್ಮುಡುಗ ಬಂದವ್ನೆ” ಎಂದು ಕೂಗಿದರು.

ಕಾಫಿ ಕುಡಿದೆ. ಬೇಡ ಎಂದು ಎದ್ದು ಬರಲಿಲ್ಲ, ಅದನ್ನೂ ಬರೆದುಬಿಡುತ್ತೇನೆ.

ಬಸ್ ಸ್ಟ್ಯಾಂಡಿಗೆ ಬಂದು ಅವನಿಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದ. ಹಿಂದೆ ಆಟೋ ಇಂಜಿನ್ನಿನ ಸದ್ದಿತ್ತು, ಅದನ್ನು ಆಫ್ ಮಾಡಿದ.

“ಯೋಳ್ದಾ?”

“ಹೇಳ್ದೆ.”

“ಏನಂದ್ರು?”

ಒಬ್ಬನಾದರೂ ತಿಳಿದುಕೊಳ್ಳಲಿ ಎಂದು ಅವನು ಹನ್ನೆರಡು ವರ್ಷ ಕಾದಿದ್ದ. ಆ ಒಬ್ಬನಿಗೆ ಆವತ್ತೇ ಗೊತ್ತಿತ್ತು. ಕೈ ಎತ್ತುವ ಮುಂಚೆಯೇ ಗೊತ್ತಿತ್ತು. ಇದನ್ನು ಹೇಳಿದರೆ ಅವನಿಗೆ ನೋವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲ. ಮಾವ ಅಂದದ್ದನ್ನು ನನ್ನ ಬಾಯಲ್ಲಿ ಹೇಳಬೇಕಾದರೆ, ಆ ಏಟು ನನಗೆ ಯಾಕೆ ಬೀಳಲಿಲ್ಲ ಎಂಬುದನ್ನೂ ನಾನೇ ಹೇಳಬೇಕಿತ್ತು. ನನಗೆ ನಾಚಿಕೆಯಾಯಿತು.

“ಏನೂ ಅನ್ಲಿಲ್ಲ. ವಯಸ್ಸಾಗದೆ ನೋಡು, ಅವ್ರಿಗೆ ಅದ್ಯಾವ್ದೂ ಸರಿಯಾಗ್ ನೆನಪೇ ಇಲ್ಲ” ಅಂದೆ.

ಫೋನ್ ಇಟ್ಟುಬಿಟ್ಟನೇನೋ ಎಂದು ಎರಡು ಸಲ ಅಲೋ ಅಂದೆ.

“ಸರಿ ಬುಡಿ ಸಾ” ಅಂದು ಫೋನ್ ಇಟ್ಟ.